ಬಗ್ಗುವ ಕೋಲು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಶುಕ್ರವಾರದ ಸಂಘದ ಸಭೆಯಲ್ಲಿ ನಾಗಶ್ರೀ ಆಡಿಯೇಬಿಟ್ಟಳು.

"ಗುರುವಾರ ಮೀನುಮರಿ ಬರೋದ್ರೊಳಗೆ ಆ ಔಲನ್ನ ನಾನು ಹಿಡೀತೀನಿ. ಹಿಡೀಲಿಲ್ಲ ಅಂದ್ರೆ ಕೆರೆ ಬಿಟ್ಟುಕೊಡಾಣ. ಆಮೇಲೆ ನಂದೇನೂ ತಕರಾರಿಲ್ಲ."

ಅಂಗನವಾಡಿಯ ಜಗಲಿಯ ಮೇಲೆ ಕೂತಿದ್ದ ಹದಿನಾಲ್ಕು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಹಿರಿಯಳಾದ ದುರುಗಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಬ್ಬಿ, "ಎಂತದೇ ಮಾರಾಯ್ತಿ, ಬಲೆಗೆ ಬೀಳದ್ದು, ಕೂಣಿಗೆ ಬೀಳದ್ದು, ನಿನ್ನ ಕೈಗೆ ಬಂದು ಕೂರ್ತದನೇ?" ಅಂದಳು. ನಾಲ್ಕು ಜನ ನಕ್ಕರು. ನಾಗಶ್ರೀ ನಗಲಿಲ್ಲ.

ಔಲು ಅಂದರೆ ಹಾವಿನ ತಲೆಯ ಮೀನು. ಮೈಮೇಲೆ ಹೂವಿನಂಥ ಚುಕ್ಕಿ, ಬಾಯಿ ತುಂಬ ಹಲ್ಲು, ಹೊಟ್ಟೆಗೆ ತಳವೇ ಇಲ್ಲ. ಕುಪ್ಪಗಡ್ಡೆಯಿಂದ ಆಚೆಗಿರುವ ತುಂಬೆಕೊಪ್ಪದ ಕೆರೆಯನ್ನು ಈ ಹೆಂಗಸರ ಸಂಘ ಹೋದ ವರ್ಷ ಗುತ್ತಿಗೆ ಹಿಡಿದಿತ್ತು. ಹಿಡಿಸಿದವಳೇ ನಾಗಶ್ರೀ. ಮಳೆಗಾಲದಲ್ಲಿ ಸಾವಿರಗಟ್ಟಲೆ ಮರಿ ಬಿಟ್ಟರು. ಮೇ ತಿಂಗಳಲ್ಲಿ ಕೆರೆಬೇಟೆ ಸಾರಿದರು. ಆ ದಿನ ಊರಿನ ಗಂಡಸರೆಲ್ಲ ನೀರಿಗೆ ಇಳಿಯುತ್ತಾರೆ. ಬಿದಿರ ಕಡ್ಡಿಯಲ್ಲಿ ಕಟ್ಟಿದ, ಕೆಳಗೆ ಅಗಲ ಮೇಲೆ ಕಿರಿದಾದ, ತಳವಿಲ್ಲದ ಬುಟ್ಟಿಯಂಥ ಕೂಣಿಯನ್ನು ಒಬ್ಬೊಬ್ಬರೂ ಕೆಸರಿಗೆ ಊರಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ತೆಗೆಯುವುದು ಪದ್ಧತಿ. ಹೋದ ಮೇ ತಿಂಗಳಲ್ಲಿ ಅರವತ್ತು ಕೂಣಿಗೆ ಸಿಕ್ಕಿದ್ದು ಒಂದಿಷ್ಟು ಕಪ್ಪೆ, ಎರಡು ನೀರುಹಾವು. ದುರುಗಮ್ಮನ ಗಂಡ ಕೆಂಪಪ್ಪನ ಕೂಣಿಗೆ ಮಾತ್ರ ಏನೋ ಒಂದು ಬಿತ್ತು. ಬಿದ್ದದ್ದು ಎರಡು ಕಡ್ಡಿ ಮುರಿದು, ಅವನನ್ನು ಕೆಸರಲ್ಲಿ ಕುಂಡೆಯೂರಿಸಿ ಹೊರಟೇಹೋಯಿತು. ಮರಿಗಳನ್ನೆಲ್ಲ ತಿಂದದ್ದು ಯಾರು ಅಂತ ಆವತ್ತು ಊರಿಗೆ ಗೊತ್ತಾಯಿತು.

ತುಂಬೆಕೊಪ್ಪದಲ್ಲಿ ಒಂದು ರೂಢಿಯಿದೆ. ಕೆರೆಬೇಟೆಯಿಂದ ಖಾಲಿ ಬಂದ ಕೂಣಿಯನ್ನು ಮನೆಯೊಳಗೆ ತರುವುದಿಲ್ಲ. ಅದಕ್ಕೆ ಮೀನು ಬೀಳುವ ತನಕ ಕೊಟ್ಟಿಗೆಯ ಹೊರಗೆ ಬೋರಲು ಹಾಕಿಡುತ್ತಾರೆ. ಈಗ ಆಗಸ್ಟ್ ತಿಂಗಳು. ಊರಿನ ಯಾವ ಮನೆಯ ಮುಂದೆ ಹಾದರೂ ಮಳೆಯಲ್ಲಿ ನೆನೆಯುತ್ತ ಬೋರಲು ಬಿದ್ದ ಕೂಣಿ. ಒಂದೊಂದು ಕೂಣಿ ಕಂಡಾಗಲೂ ನಾಗಶ್ರೀಗೆ ಯಾರೋ ಮುಖಕ್ಕೆ ಹೊಡೆದಂತಾಗುತ್ತಿತ್ತು. ಕೆರೆ ಹಿಡಿಯೋಣ ಅಂದವಳು ತಾನೇ ಅಲ್ಲವೇ? ಸಂಘ ಕೈಬಿಟ್ಟರೆ ಹೊರಗಿನ ಗುತ್ತಿಗೆದಾರ ಬರುತ್ತಾನೆ, ಏರಿಗೆ ಮುಳ್ಳುತಂತಿ ಎಳೆಯುತ್ತಾನೆ. ಆಮೇಲೆ ಕೆರೆಬೇಟೆಯೂ ಇಲ್ಲ, ಕೂಣಿ ಒಳಗೆ ಬರುವುದೂ ಇಲ್ಲ.

ಔಲು ಇರುವ ಜಾಗ ಎಲ್ಲರಿಗೂ ಗೊತ್ತಿತ್ತು. ತೂಬಿನ ಆಚೆ ಮೂವತ್ತು ಮಾರು ದೂರದಲ್ಲಿ ಹಳೆಯ ಮತ್ತಿಮರದ ಬುಡಗಳು ಮುಳುಗಿವೆ. ಅಲ್ಲೇ ಅದು ಆಗಾಗ ಮೇಲೆ ಬಂದು ಗುಳುಕ್ಕನೆ ಗಾಳಿ ಕುಡಿದು ಹೋಗುತ್ತದೆ. ಬಲೆ ಹಾಕಿದರೆ ಬುಡಕ್ಕೆ ಸಿಕ್ಕಿ ಹರಿಯುತ್ತದೆ. ಬಿದಿರ ಕೋಲಿನ ಗಾಳ ಅಷ್ಟು ದೂರ ಮುಟ್ಟುವುದಿಲ್ಲ. ನಾಗಶ್ರೀ ಮೊಬೈಲಿನಲ್ಲಿ ನೋಡಿ ನೋಡಿ ಒಂದು ದಾರಿ ಕಂಡುಕೊಂಡಿದ್ದಳು. ಕ್ರ್ಯಾಂಕ್‌ಬೈಟ್ ಅಂತ ಒಂದು ಪ್ಲಾಸ್ಟಿಕ್ ಮೀನು ಬರುತ್ತದೆ. ಹೊಟ್ಟೆಯಡಿ ಮೂರು ಮೊನೆಯ ಎರಡು ಗಾಳ, ಬಾಯಿಗೆ ಒಂದು ಪುಟ್ಟ ತಗಡಿನಂಥ ನಾಲಿಗೆ. ದೂರಕ್ಕೆ ಎಸೆದು ರೀಲ್ ಸುತ್ತಿದರೆ ಆ ನಾಲಿಗೆಯಿಂದಾಗಿ ಅದು ನೀರೊಳಗೆ ಮುಳುಗಿ, ಗಾಯವಾದ ಮರಿಯ ಹಾಗೆ ಮೈ ಅಲ್ಲಾಡಿಸುತ್ತ ಬರುತ್ತದೆ. ಮರದ ಬುಡಕ್ಕೆ ತಾಗಿದರೂ ನಾಲಿಗೆ ಮೊದಲು ತಾಗುವುದರಿಂದ ಗಾಳ ಸಿಕ್ಕಿಕೊಳ್ಳದೆ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಇನ್ನು ಬೇಕಾದ್ದು ಅದನ್ನು ಎಸೆಯಲು ಒಂದು ಒಳ್ಳೆಯ ರಾಡ್.

ಶನಿವಾರ ಅವಳೂ ಗಂಡ ವಸಂತನೂ ಸೊರಬಕ್ಕೆ ಹೋಗಿ ಅಲ್ಲಿಂದ ಶಿಕಾರಿಪುರದ ಬಸ್ಸು ಹತ್ತಿದರು. ವಸಂತ ಅಡಿಕೆ ತೋಟಗಳಿಗೆ ಔಷಧಿ ಹೊಡೆಯುವವನು, ಕೊನೆ, ಅಂದರೆ ಅಡಿಕೆ ಗೊಂಚಲು, ತೆಗೆಯುವವನು. ಹಿಂದೆ ಅಡಿಕೆ ಮರ ಹತ್ತುತ್ತಿದ್ದ. ಈಗ ತುದಿಗೆ ಕತ್ತಿ ಕಟ್ಟಿದ ಉದ್ದನೆಯ ಕಾರ್ಬನ್ ದೋಟಿ ಹಿಡಿದು ನೆಲದ ಮೇಲೇ ನಿಂತು ಅರವತ್ತು ಅಡಿ ಮೇಲಿನ ಕೊನೆ ಇಳಿಸುತ್ತಾನೆ. ಆ ದೋಟಿ ಕೊಂಡದ್ದು ಶಿಕಾರಿಪುರದ ರೇಣುಕಾಪ್ರಸಾದ್ ಅಂಗಡಿಯಲ್ಲೇ. ಪಂಪು, ಪೈಪು, ಸ್ಪ್ರೇಯರ್ ಮಾರುವ ಆ ಅಂಗಡಿಯ ಒಂದು ಮೂಲೆಯಲ್ಲಿ ಗಾಳದ ಸಾಮಾನೂ ಇತ್ತು. ರೇಣುಕಾಪ್ರಸಾದ್ ಹಣೆಗೆ ವಿಭೂತಿ, ಕೊರಳಿಗೆ ಲಿಂಗ, ಹುಟ್ಟಿದ ಮೇಲೆ ಮೀನು ಮುಟ್ಟಿದವರಲ್ಲ. ಆದರೂ ಗಾಳದ ವಿಷಯ ಎತ್ತಿದರೆ ಗಿರಾಕಿ ನಿಂತಿದ್ದನ್ನೂ ಮರೆಯುತ್ತಿದ್ದರು. ಊರವರು ಛೇಡಿಸಿದರೆ, "ಬಳೆಗಾರ ಬಳಿ ಹಾಕ್ಕೊಂತಾನೇನ್ರಿ?" ಅಂತ ಬಾಯಿ ಮುಚ್ಚಿಸುತ್ತಿದ್ದರು.

ನಾಗಶ್ರೀ ಕೆರೆ, ಮರದ ಬುಡ, ಔಲು ಎಲ್ಲ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿ, ಒಳಗಿನಿಂದ ಎರಡು ರಾಡ್ ತಂದು ಗಲ್ಲೆಯ ಮೇಲಿಟ್ಟರು. ಒಂದು ಕಪ್ಪಗೆ ಮಿರಿಮಿರಿ, ಗರಿಯಷ್ಟು ಹಗುರ. ಇನ್ನೊಂದು ಹಳದಿ ಬಣ್ಣದ್ದು, ದಪ್ಪ, ಮೇಲೆ ಧೂಳು.

"ಇದು ಕಾರ್ಬನ್ ಐತ್ರಿ. ಇದು ಗ್ಲಾಸ್, ಅಂದ್ರ ಫೈಬರ್. ಈ ಕ್ರ್ಯಾಂಕ್‌ಬೈಟಿಗೆ ಗ್ಲಾಸ್ ಚಲೋ ಅಂತಾರ ತಿಳಿದೋರು. ಬಗ್ಗತೈತಿ ನೋಡ್ರಿ, ಮೀನು..."

ವಸಂತ ಅವರ ಮಾತು ಮುಗಿಯಲು ಬಿಡಲಿಲ್ಲ. ಹಳದಿ ರಾಡ್ ಎತ್ತಿ ತುದಿ ಅಲ್ಲಾಡಿಸಿದ. ಅದು ತಲೆತಿರುಗಿದವನ ಹಾಗೆ ಓಲಾಡಿತು. "ಸಾವ್ಕಾರ್ರೇ, ಫೈಬರ್ ದೋಟಿ ಹಿಡ್ದು ನಾನು ಒಂದು ವರ್ಷ ಸೊಂಟ ಮುರ್ಕೊಂಡೀನಿ. ಮೇಲೆ ಹೋದ ಹಾಗೆ ಬಾಗ್ತದೆ, ಕೊನೆ ಒಂದು ಕಡೆ, ಕತ್ತಿ ಒಂದು ಕಡೆ. ಕಾರ್ಬನ್ ಬಂದಮೇಲೇ ನಾವು ಮನುಷ್ಯರಾಗಿದ್ದು. ಬಗ್ಗಿದೋನಿಗೆ ಒಂದು ಗುದ್ದು ಜಾಸ್ತಿ!"

"ಅದು ದೋಟಿ, ಇದು..."

"ನೀವು ಮೀನು ಹಿಡ್ದೀರಾ?"

ರೇಣುಕಾಪ್ರಸಾದ್ ಮುಖ ಸಣ್ಣದಾಯಿತು. "ಇಲ್ರಿ," ಅಂದರು. "ನಾ ಕೇಳಿದ್ದು ಹೇಳಿದೆ. ಹಿಡಿಯೋರು ನೀವು."

ನಾಗಶ್ರೀಗೂ ಮನಸ್ಸಿನಲ್ಲಿ ಕಾರ್ಬನ್ನೇ ಇತ್ತು, ಸುಳ್ಳೇಕೆ ಹೇಳುವುದು. ಮಲೆನಾಡಿನ ಅಂಚಿನಲ್ಲಿ ಈಗ ಯಾರನ್ನು ಬೇಕಾದರೂ ಕೇಳಿ, ಕಾರ್ಬನ್ ಅಂದರೆ ಒಳ್ಳೆಯದು, ಉಳಿದದ್ದೆಲ್ಲ ಗುಜರಿ. ಕಪ್ಪು ರಾಡ್ ಕಟ್ಟಿಸಿಕೊಂಡಳು, ರೀಲ್, ದಾರ, ಮೂರು ಪ್ಲಾಸ್ಟಿಕ್ ಮೀನು ತೆಗೆದುಕೊಂಡಳು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಏರಿಯ ಮೇಲೆ ನಿಂತು ಎಸೆದಳು. ಕೈ ಪಳಗುವ ತನಕ ಎರಡು ಸಲ ಲಂಟಾನದ ಪೊದೆಗೆ, ಒಂದು ಸಲ ಗಂಡನ ಅಂಗಿಗೆ. ಆಮೇಲೆ ಸರಿಯಾಗಿ ಬುಡಗಳ ಆಚೆಗೆ ಬಿತ್ತು. ಸುತ್ತುತ್ತ ಬಂದಳು. ನೀರೊಳಗೆ ಪ್ಲಾಸ್ಟಿಕ್ ಮೀನು ಮರಕ್ಕೆ ಟಕ್ ಅಂತ ತಾಗಿದ್ದು, ಜಾರಿದ್ದು, ಮತ್ತೆ ಈಜಿದ್ದು ಎಲ್ಲ ಕೈಗೆ ಗೊತ್ತಾಗುತ್ತಿತ್ತು. ಅಬ್ಬ, ಎಂಥ ಕೋಲು ಇದು ಅಂದುಕೊಂಡಳು. ಎಂಟನೆಯ ಎಸೆತಕ್ಕೆ ಯಾರೋ ಬಾಗಿಲು ದಬ್ಬಿದಂತೆ ಧಡ್ಡನೆ ಒಂದು ಹೊಡೆತ ಬಂತು.

ಚಿಕ್ಕಂದಿನಿಂದ ಬಿದಿರ ಕೋಲು ಹಿಡಿದ ಕೈ. ಬೆಂಡು ಮುಳುಗಿದ ಕೂಡಲೆ ಸೆಳೆಯಬೇಕು ಅನ್ನುವುದು ಅವಳ ರಕ್ತದಲ್ಲಿತ್ತು. ಸೆಳೆದಳು. ಒಂದು ಗಳಿಗೆ ಭಾರ, ಮರುಗಳಿಗೆ ಏನೂ ಇಲ್ಲ. ಪ್ಲಾಸ್ಟಿಕ್ ಮೀನು ನೀರಿಂದ ಹಾರಿ ಬಂದು ಅವಳ ಕಾಲ ಬಳಿ ಬಿತ್ತು. ಗಾಳದ ಮೊನೆಗೆ ತುಟಿಯ ಒಂದು ಚೂರು ಸಿಕ್ಕಿಕೊಂಡಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಮೆತ್ತಗೆ ಸೆಳ್ದೆ ನೀನು," ಅಂದ ವಸಂತ. "ನಾಳೆ ಜೋರಾಗಿ ಸೆಳಿ."

ಸೋಮವಾರ ಮತ್ತೆ ಅದೇ ಜಾಗ, ಅದೇ ಹೊಡೆತ. ಜೋರಾಗಿಯೇ ಸೆಳೆದಳು. ಈ ಸಲ ತುಟಿಯ ಚೂರೂ ಬರಲಿಲ್ಲ. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ದುರುಗಮ್ಮ ನಿಂತು ನೋಡಿದಳು. ಚುಚ್ಚಿ ಮಾತಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮೆಲ್ಲಗೆ, "ಸಾಕು ಬಿಡೇ ನಾಗಶ್ರೀ, ನಿನ್ನ ಪ್ರಯತ್ನ ನೀನು ಮಾಡಿದೆ," ಅಂದಳು. ನಾಗಶ್ರೀಗೆ ಅಳು ಒತ್ತರಿಸಿಕೊಂಡು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಸಾಕು ಅನ್ನಲು ಇನ್ನೂ ಸೋಮವಾರ. ಗುರುವಾರ ಎಲ್ಲಿದೆ!

ಮಧ್ಯಾಹ್ನ ಊಟ ಬಡಿಸಿದವಳು ತಾನು ಉಣ್ಣಲಿಲ್ಲ. ಆ ಕಪ್ಪು ರಾಡನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೀನು ಬಂದು ಬಾಯಿ ಹಾಕುತ್ತಿದೆ. ಬಾಯಿ ಹಾಕಿದ್ದು ಕೈಗೆ ಗೊತ್ತೂ ಆಗುತ್ತಿದೆ. ಹಾಗಾದರೆ ತಪ್ಪುತ್ತಿರುವುದು ಎಲ್ಲಿ? ಗ್ಲಾಸ್ ಚಲೋ ಅಂತಾರ, ಬಗ್ಗತೈತಿ ನೋಡ್ರಿ. ರೇಣುಕಾಪ್ರಸಾದ್ ಪೂರ್ತಿ ಮಾಡದ ಆ ಮಾತು ಅವಳ ಕಿವಿಯಲ್ಲಿ ಕೂತಿತ್ತು.

ಹಿತ್ತಿಲಿಗೆ ಹೋಗಿ ಗೊನೆ ಕಡಿದ ಬಾಳೆಯ ದಿಂಡೊಂದನ್ನು ಮೊಣಕೈ ಉದ್ದಕ್ಕೆ ಕೊಯ್ದು ತಂದಳು. ಮೀನಿನ ತುಟಿಯಂತೆ ಅದೂ ಮೆತ್ತಗೆ. ಪ್ಲಾಸ್ಟಿಕ್ ಮೀನಿನ ಗಾಳದ ಒಂದೇ ಮೊನೆಯನ್ನು ಅದಕ್ಕೆ ಚುಚ್ಚಿದಳು.

"ರೀ, ಬನ್ನಿ ಇಲ್ಲಿ. ಇದನ್ನ ಹಿಡ್ದು ಸೆಳೀರಿ."

"ಬಾಳೆದಿಂಡು ಹಿಡ್ಯಕ್ಕೆ ಶಿಕಾರಿಪುರಕ್ಕೆ ಹೋಗ್ಬೇಕಿತ್ತೇನೇ?"

"ಸೆಳೀರಿ ಅಂದೆ."

ವಸಂತ ಅಂಗಳದ ಈ ತುದಿಯಲ್ಲಿ ನಿಂತು ಕಾರ್ಬನ್ ರಾಡ್ ಸೆಳೆದ. ಗಾಳ ದಿಂಡನ್ನು ಹರಿದುಕೊಂಡು ಬಂತು. ಹತ್ತು ಸಲ ಮಾಡಿಸಿದಳು, ಏಳು ಸಲ ಹರಿಯಿತು. ಆಮೇಲೆ ಅಪ್ಪನ ಮನೆಯಿಂದ ತಂದಿದ್ದ ಹಳೆಯ ಬಿದಿರ ಕೋಲಿಗೆ ಅದೇ ದಾರ ಕಟ್ಟಿದಳು. ಕೋಲು ಮೊದಲು ಬಿಲ್ಲಿನ ಹಾಗೆ ಬಗ್ಗಿತು, ಆಮೇಲೆ ದಿಂಡು ನಿಧಾನಕ್ಕೆ ತೆವಳಿಕೊಂಡು ಬಂತು. ಹತ್ತು ಸಲದಲ್ಲಿ ಒಂದೇ ಸಲ ಹರಿದದ್ದು.

ಅವಳ ಕಣ್ಣು ಅರಳಿತು. "ನೋಡಿ, ದೋಟಿ ಬಗ್ಗಬಾರದು, ಅದು ಕೊಯ್ಯೋ ಕೋಲು. ಇದು ಹಿಡಿಯೋ ಕೋಲು. ಮೀನು ಎಳೆದಾಗ ಇದು ಬಗ್ಗಿ ಕೊಡ್ಬೇಕು. ಕೊಡಲಿಲ್ಲ ಅಂದ್ರೆ ತುಟಿ ಹರೀತದೆ. ನಾವು ಕೊಯ್ಯೋ ಕೋಲು ಹಿಡ್ಕೊಂಡು ಎರಡು ದಿನ ಅದರ ತುಟಿ ಕೊಯ್ದಿದ್ದೀವಿ!"

ವಸಂತ ರಾಡನ್ನೊಮ್ಮೆ, ದಿಂಡನ್ನೊಮ್ಮೆ ನೋಡಿದ. ಅವನಿಗೂ ಹೌದೆನ್ನಿಸಿತ್ತು, ಆದರೆ ಗಂಡಸು, ಒಪ್ಪಿಕೊಳ್ಳಲು ಒಂದು ರಾತ್ರಿ ಬೇಕು. "ಬಿದಿರು ಅಷ್ಟು ದೂರ ಮುಟ್ಟಲ್ವಲ್ಲೇ," ಅಂದ.

"ಮುಟ್ಟೋದು ಇದೆ. ಧೂಳು ತಿಂತಾ ಅವರ ಅಂಗಡೀಲಿ ಬಿದ್ದಿದೆ."

ಮಂಗಳವಾರ ಮಳೆ ಹುಯ್ದು ಹಳ್ಳ ಉಕ್ಕಿ ಬಸ್ಸೇ ಬರಲಿಲ್ಲ. ಬುಧವಾರ ವಸಂತ ಕೆಲಸಕ್ಕೆ ಹೋಗಿದ್ದ. ನಾಗಶ್ರೀ ಒಬ್ಬಳೇ ಶಿಕಾರಿಪುರಕ್ಕೆ ಬಂದು ಗಲ್ಲೆಯ ಮೇಲೆ ಕಪ್ಪು ರಾಡ್ ಇಟ್ಟಳು.

"ಸಾವ್ಕಾರ್ರೇ, ಆವತ್ತು ನಿಮ್ಮ ಮಾತು ಮುಗಿಸಕ್ಕೆ ನಾವು ಬಿಡಲಿಲ್ಲ. ತಪ್ಪಾಯ್ತು. ಈಗ ಪೂರ್ತಿ ಹೇಳಿ."

ರೇಣುಕಾಪ್ರಸಾದ್ ಮುಖದಲ್ಲಿ ಮೂಡಿದ ಸಂತೋಷ ನೋಡಬೇಕಿತ್ತು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಪೂರ್ತಿ ಹೇಳಿ ಅಂದಿರಲಿಲ್ಲ. ಹಳದಿ ರಾಡನ್ನು ಪಂಚೆಯ ಚುಂಗಿನಿಂದ ಒರೆಸಿ, ಅಂಗಡಿಯ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹಳೆಯ ಟೈರ್ ಬಿದ್ದಿತ್ತು. ದಾರದ ತುದಿಗೆ ಒಂದು ನಟ್ಟು ಕಟ್ಟಿ ಬೀಸಿದರು. ನಟ್ಟು ಮೂವತ್ತು ಹೆಜ್ಜೆ ಆಚೆ ಟೈರಿನ ನಡುವಿಗೇ ಬಿತ್ತು.

"ದಿನಾ ಸಂಜಿ ಮಾಡ್ತೀನ್ರಿ," ಅಂದರು ನಾಚಿಕೊಂಡು. "ನೋಡ್ರಿ ಅಕ್ಕಾರೆ, ಕಾರ್ಬನ್ ಸುದ್ದಿ ಬೇಗ ಮುಟ್ಟಸ್ತೈತಿ. ಮೀನು ಬಾಯಿ ಹಾಕೋದ್ರೊಳಗ ನಿಮ್ಮ ಕೈ ಸೆಳದುಬಿಡತೈತಿ. ಗ್ಲಾಸ್ ಮಂದ. ಅದು ನಿಮಗ ಹೇಳೋ ಹೊತ್ತಿಗೆ ಮೀನು ಪೂರಾ ಬಾಯಿ ಮುಚ್ಚಿರತೈತಿ. ಬಿದ್ದ ಮ್ಯಾಲೂ ಬಗ್ಗಿ ಬಗ್ಗಿ ಕೊಡತೈತಿ, ಆ ಸಣ್ಣ ಮೊನೆ ಕಿತ್ತು ಬರಂಗಿಲ್ಲ. ಆದ್ರ ಒಂದ್ ಮಾತು. ಕೋಲು ಬದ್ಲಿ ಮಾಡಿದ್ರ ಸಾಲದು, ಕೈಯೂ ಬದ್ಲಿ ಆಗಬೇಕು. ಸೆಳೀಬ್ಯಾಡ್ರಿ. ಹೊಡೆತ ಬಿದ್ರೂ ಸುತ್ತಕೋತಾನ ಇರ್ರಿ. ಕೋಲು ತಾನಾಗೇ ಭಾರ ಆದಮ್ಯಾಲೆ ಎತ್ರಿ."

"ಭಾರ ಜಾಸ್ತಿ ಇದೆ ಇದು."

"ಐತ್ರಿ. ಕೈ ಸೋಲತೈತಿ. ಅದಕ್ಕ ಔಷಧ ಇಲ್ಲ."

ನಾಗಶ್ರೀ ಆ ಟೈರಿಗೆ ಎಸೆಯುತ್ತ ಅಲ್ಲೇ ಒಂದು ಗಂಟೆ ನಿಂತಳು. ಕಪ್ಪು ರಾಡನ್ನು ಅವರು ಮರುಮಾತಿಲ್ಲದೆ ವಾಪಸು ಇಟ್ಟುಕೊಂಡರು. ಹೊರಡುವಾಗ ತಮ್ಮ ನಂಬರ್ ಬರೆದುಕೊಟ್ಟು, "ಹೆಂಗಾತು ಅಂತ ಒಂದ್ ಫೋನ್ ಮಾಡ್ರಿ," ಅಂದರು.

ಗುರುವಾರ ಬೆಳಕು ಹರಿಯುವಾಗಲೇ ಅವಳು ಏರಿಯ ಮೇಲಿದ್ದಳು. ಏಳು, ಎಂಟು, ಒಂಬತ್ತು ಗಂಟೆ. ಎಸೆಯುವುದು, ಸುತ್ತುವುದು, ಎಸೆಯುವುದು. ಮಣಿಕಟ್ಟು ಊದಿಕೊಂಡಿತು. ಸೆರಗು ಹರಿದು ಮಣಿಕಟ್ಟಿಗೆ ಬಿಗಿದು ಮತ್ತೆ ಎಸೆದಳು. ಹತ್ತಕ್ಕೆ ಮರಿಗಳ ಗಾಡಿ ಬಂತು. ಗಾಳಿ ತುಂಬಿದ ಚೀಲಗಳಲ್ಲಿ ಬೆರಳುದ್ದದ ಮರಿಗಳು ಮಿಸುಕುತ್ತಿದ್ದವು. ಸಂಘದ ಹೆಂಗಸರೆಲ್ಲ ಬಂದು ನಿಂತರು, ವಸಂತನೂ ಬಂದ.

"ಚೀಲ ನೀರಿಗೆ ಬಿಡ್ಲಾ, ವಾಪಸ್ ಹೊಡೀಲಾ? ಬಿಸಿಲು ಏರಿದ್ರೆ ಸಾಯ್ತವೆ," ಅಂದ ಡ್ರೈವರ್.

ಎಲ್ಲರೂ ದುರುಗಮ್ಮನ ಕಡೆ ನೋಡಿದರು. ದುರುಗಮ್ಮ ನಾಗಶ್ರೀಯ ಊದಿದ ಕೈ ನೋಡಿದಳು. "ನೆರಳಲ್ಲಿ ಇಡಪ್ಪ," ಅಂದಳು. "ಅರ್ಧ ಗಂಟೆ ನೋಡಾಣ."

ನಾಗಶ್ರೀ ಎಸೆದಳು. ಬುಡಗಳ ಆಚೆ ಬಿತ್ತು. ಸುತ್ತಿದಳು. ಟಕ್ ಅಂತ ಮರ ತಾಗಿದ್ದು ಈ ಕೋಲಿನಲ್ಲಿ ಎಲ್ಲೋ ದೂರದಲ್ಲಿ ಆದಂತಿತ್ತು. ಜಾರಿತು, ಮತ್ತೆ ಈಜಿತು. ಆಮೇಲೆ ಹೊಡೆತವೇ ಬರಲಿಲ್ಲ. ಕೋಲು ಸುಮ್ಮನೆ ಭಾರವಾಗತೊಡಗಿತು.

ಅವಳ ಇಡೀ ಮೈ ಸೆಳಿ ಸೆಳಿ ಅಂತ ಕೂಗುತ್ತಿತ್ತು. ಹಲ್ಲು ಕಚ್ಚಿ ಸುತ್ತುತ್ತಲೇ ಹೋದಳು. ತುದಿ ಬಗ್ಗಿತು, ನಡು ಬಗ್ಗಿತು, ಹಿಡಿಕೆಯ ತನಕ ಬಗ್ಗಿತು. ಆಗ ಎತ್ತಿದಳು. ಬುಡದ ಹತ್ತಿರ ನೀರು ಒಡೆದು ಗೇಣು ಅಗಲದ ಬಾಲವೊಂದು ಬಡಿಯಿತು.

"ಬಿತ್ತು! ಸೆಳಿಯೇ, ಸೆಳಿಯೇ!" ಅಂತ ವಸಂತ ಕುಣಿದಾಡಿದ.

"ಸುಮ್ನಿರ್ರೀ!" ಅಂತ ಗದರಿದಳು. ಮದುವೆಯಾದ ಮೇಲೆ ಹತ್ತು ಜನರ ಮುಂದೆ ಗಂಡನನ್ನು ಗದರಿದ್ದು ಅದೇ ಮೊದಲು.

ಔಲು ಮರದ ಬುಡದತ್ತ ನುಗ್ಗಿತು. ರೀಲ್ ಕಿರ್ರೆಂದಿತು. ನಾಗಶ್ರೀ ಹಿಡಿಕೆಯನ್ನು ಸೊಂಟಕ್ಕೆ ಒತ್ತಿಕೊಂಡು ಏರಿಯ ಮೇಲೆ ಹಿಂದೆ ಹಿಂದೆ ನಡೆದಳು. ಅದು ಎಳೆದರೆ ಕೋಲು ಬಗ್ಗಿ ಕೊಡುತ್ತಿತ್ತು, ಅದು ದಣಿದರೆ ಕೋಲು ಎದ್ದು ಕೇಳುತ್ತಿತ್ತು. ಎಷ್ಟು ಹೊತ್ತೋ ಅವಳಿಗೆ ಗೊತ್ತಿಲ್ಲ. ಕೊನೆಗೆ ಮೊಣಕಾಲುದ್ದದ ನೀರಿನಲ್ಲಿ ಕಪ್ಪು ಬೆನ್ನು ಕಂಡಿತು. ದಡಕ್ಕೆ ಎಳೆಯುವಂತಿಲ್ಲ, ನೆಲ ತಾಗಿದರೆ ಒದ್ದಾಡಿ ಕಿತ್ತುಕೊಳ್ಳುತ್ತದೆ. ವಸಂತ ತಮ್ಮ ಮನೆಯ ಕೂಣಿ ತರಲು ಓಡಲು ನೋಡಿದ.

"ನಮ್ಮದು ಬೇಡ!" ಅಂತ ನಾಗಶ್ರೀ ಕೂಗಿದಳು. "ದುರುಗಕ್ಕ, ನಿಮ್ಮ ಕೂಣಿ ತನ್ನಿ! ಅದು ಮುರಿದಿದ್ದು ನಿಮ್ಮದನ್ನ."

ದುರುಗಮ್ಮನ ಮನೆ ಏರಿಯ ಕೆಳಗೇ. ಅರವತ್ತು ದಾಟಿದ ಹೆಂಗಸು ಓಡಿಹೋಗಿ, ಕೊಟ್ಟಿಗೆಯ ಹೊರಗೆ ಬೋರಲು ಬಿದ್ದಿದ್ದ ಎರಡು ಕಡ್ಡಿ ಮುರಿದ ಕೂಣಿಯನ್ನು ಎತ್ತಿಕೊಂಡು ಬಂದಳು. ಕೆರೆಬೇಟೆಗೆ ಆ ಊರಲ್ಲಿ ಹೆಂಗಸರು ಇಳಿದದ್ದಿಲ್ಲ. ಆದರೂ ದುರುಗಮ್ಮ ಕೂಣಿಗೆ ಕೈ ಚಾಚಿದ ವಸಂತನನ್ನು ಪಕ್ಕಕ್ಕೆ ದಬ್ಬಿ, ಸೀರೆ ಎತ್ತಿ ಕಚ್ಚೆ ಬಿಗಿದು ನೀರಿಗೆ ಇಳಿದಳು. ಮೊದಲ ಸಲ ಊರಿದ್ದು ಬರೀ ಜೊಂಡಿನ ಮೇಲೆ. "ಹಾಳಾದ್ದೇ, ನಿಲ್ಲು!" ಅಂತ ಬೈದು ಎರಡನೆಯ ಸಲ ಊರಿದಳು. ಕೂಣಿ ಗಡಗಡ ಅಲುಗಿತು. ಮುರಿದ ಕಡ್ಡಿಯ ಕಡೆಗೆ ತನ್ನ ಮೊಣಕಾಲನ್ನೇ ಅಡ್ಡ ಕೊಟ್ಟು, ಮೇಲಿನ ಬಾಯಿಂದ ಎರಡೂ ಕೈ ಹಾಕಿ, ಕಿವಿರಿಗೆ ಬೆರಳು ತೂರಿಸಿ ಎತ್ತಿದಳು. ಹೆಂಗಸರ ಕೂಗಿಗೆ ಜೊಂಡಿನೊಳಗಿದ್ದ ಬೆಳ್ಳಕ್ಕಿಗಳೆಲ್ಲ ಎದ್ದುಹೋದವು.

ನಾಗಶ್ರೀ ಓಡಿ ಬಂದು ಬಗ್ಗಿ ನೋಡಿದಳು. ಹಿಂದೆ ಹರಿದ ಎರಡು ಗಾಯದ ಪಕ್ಕದಲ್ಲಿ, ಆರು ಮೊನೆಯಲ್ಲಿ ಒಂದೇ ಒಂದು ಮೊನೆ, ನೂಲೆಳೆಯಂಥ ಚರ್ಮದಲ್ಲಿ ನಿಂತಿತ್ತು. ಅವಳು ಬೆರಳು ತಾಗಿಸಿದ್ದೇ ತಡ, ಕಳಚಿ ಅವಳ ಅಂಗೈಗೆ ಬಿತ್ತು. ಒಂದೇ ಒಂದು ಸಲ ಸೆಳೆದಿದ್ದರೆ! ಕೆಸರಲ್ಲೇ ಕೂತು ಗಟ್ಟಿಯಾಗಿ ಅತ್ತಳು, ನಗುವೂ ಬಂತು.

ಚೀಲಗಳನ್ನು ನೀರಲ್ಲಿ ತೇಲಿಬಿಟ್ಟು, ನೀರಿನ ತಂಪಿಗೆ ಮರಿಗಳು ಹೊಂದಿಕೊಂಡ ಮೇಲೆ ಒಂದೊಂದಾಗಿ ಬಾಯಿ ಬಿಚ್ಚಿದರು. ವಸಂತ ಪಕ್ಕ ಬಂದು ಕೂತ. "ನಾಗಿ, ನಾನೂ ದೋಟಿ ಫೈಬರಿಂದೇ ತಗಳ್ಲಾ ಹಾಗಾದ್ರೆ?" ಅಂದ. ಅವನಿಗೆ ತಪ್ಪಾಯಿತು ಅನ್ನಲು ಬರುವುದು ಅಷ್ಟೇ.

"ಬೇಡ ಮಾರಾಯ್ರೇ, ಅದು ಕಾರ್ಬನ್ನೇ ಇರ್ಲಿ," ಅಂದಳು ನಾಗಶ್ರೀ.

ಶಿಕಾರಿಪುರಕ್ಕೆ ಫೋನ್ ಮಾಡಿದಳು. ಮೀನು ಎಷ್ಟು ದೊಡ್ಡದು ಅಂತ ರೇಣುಕಾಪ್ರಸಾದ್ ಕೇಳಲೇ ಇಲ್ಲ. "ಎಲ್ಲಿ ತನಕ ಬಗ್ಗಿತ್ರಿ?" ಅಂದರು.

"ಹಿಡಿಕೆ ತನಕ ಸಾವ್ಕಾರ್ರೇ."

ಆ ಕಡೆಯಿಂದ ಅವರು, "ಆತು ಬಿಡ್ರಿ, ನಾ ಗೆದ್ದೆ," ಅಂದರು.

ದುರುಗಮ್ಮ ಒದ್ದೆ ಸೀರೆಯಲ್ಲೇ ಕೂಣಿ ಹೊತ್ತು ತನ್ನ ಮನೆಯ ಹೊಸಿಲ ಮುಂದೆ ನಿಂತಳು. ಒಳಗಿನಿಂದ ಕೆಂಪಪ್ಪ ಬಾಗಿಲಿಗೆ ಬಂದು ಬಾಯಿ ಬಿಟ್ಟುಕೊಂಡು ನೋಡಿದ. "ದಾರಿ ಬಿಡಿ," ಅಂತ ಅವನಿಗೆ ಹೇಳಿ, ಬಲಗಾಲಿಟ್ಟು ಒಳಗೆ ಹೋದಳು. ಅಟ್ಟಕ್ಕೆ ಕೂಣಿ ಏರಿಸಿದ ಸದ್ದು ಅಂಗಳದ ತನಕ ಕೇಳಿಸಿತು.

ನಾಗಶ್ರೀ ಹಳದಿ ರಾಡ್ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಳು. ಅವರ ಕೂಣಿ ಕೊಟ್ಟಿಗೆಯ ಹೊರಗೆ ಇನ್ನೂ ಬೋರಲಾಗಿಯೇ ಇತ್ತು, ಊರಿನ ಉಳಿದೆಲ್ಲ ಕೂಣಿಗಳ ಹಾಗೆ. ಅವಳು ಅದರ ಮೇಲೆ ಬಿದ್ದಿದ್ದ ತರಗೆಲೆಯನ್ನು ಊದಿದ ಕೈಯಿಂದಲೇ ಕೊಡವಿದಳು. ಇರಲಿ. ಮೇ ತಿಂಗಳಿಗೆ ಇನ್ನು ಒಂಬತ್ತೇ ತಿಂಗಳು.